ಕಟ್ಟಡ ನಿಮ್ಮದು, ಬಕೆಟ್ ನಮ್ಮದು

ಮಾನ್ಯ ಕಟ್ಟಡದ ಮಾಲೀಕರಿಗೆ,

ನಿಮ್ಮ ಬಾಡಿಗೆದಾರ ಕಂಪನಿಯ ಲೆಕ್ಕದ ವಿಭಾಗದಿಂದ ವಂದನೆಗಳು.

ನಮ್ಮ ವಾರ್ಷಿಕ ವರದಿಯ ಆಸ್ತಿಪಟ್ಟಿಯಲ್ಲಿ ನಿಮ್ಮ ಕಟ್ಟಡವನ್ನು ಕಂಡು ನಿನ್ನೆ ನೀವು ಆಫೀಸಿಗೇ ಬಂದು ರೇಗಾಡಿದ್ದು ನ್ಯಾಯವೇ. "ಬಾಡಿಗೆಗೆ ಕೊಟ್ರೆ ಕಟ್ಟಡಾನೇ ನುಂಗ್ತೀರೇನಮ್ಮಾ? ಇದು ನಂದು!" ಎಂದಿರಿ. ತಪ್ಪು ನನ್ನದೇ. ಲೆಕ್ಕಪತ್ರದ ಹೊಸ ನಿಯಮದ ಪ್ರಕಾರ, ವರ್ಷಗಟ್ಟಲೆ ಬಾಡಿಗೆಗೆ ಪಡೆದ ಜಾಗವನ್ನು ಬಳಸುವ ಹಕ್ಕನ್ನೂ ಆಸ್ತಿಯೆಂದೇ ತೋರಿಸಬೇಕು. ಆ ನಿಯಮಕ್ಕೊಂದು ವಿವರಣೆ, ವಿವರಣೆಗೊಂದು ತಿದ್ದುಪಡಿ, ತಿದ್ದುಪಡಿಗೊಂದು ವಿನಾಯಿತಿ. ಅಷ್ಟನ್ನೂ ಅರೆದು ಕುಡಿದು, ಕೊನೆಗೆ 'ಕಟ್ಟಡ ಬಳಸುವ ಹಕ್ಕು' ಎಂದಿರಬೇಕಾದಲ್ಲಿ ಬರೀ 'ಕಟ್ಟಡ' ಎಂದು ಬರೆದುಬಿಟ್ಟೆ. ಆಡಿಟರೂ ಅದೇ ವಿನಾಯಿತಿಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರು, ನನ್ನ ತಪ್ಪು ಅವರ ಕಣ್ಣಿಗೂ ಬೀಳಲಿಲ್ಲ. ತಿದ್ದಿದ ಪುಟ ಇದರೊಂದಿಗಿದೆ.

ಇನ್ನೊಂದು ಮಾತು. ಮೇಲಿನ ಮಹಡಿಯ ಪೈಪು ಸೋರಿ ನನ್ನ ಮೇಜಿನ ಪಕ್ಕದಲ್ಲೇ ನೀರು ತೊಟ್ಟಿಕ್ಕುತ್ತಿದೆ. ಹೇಳಿದಾಗಲೆಲ್ಲ ನೀವು ನಕ್ಕು, "ನಿಮ್ದೇ ಕಟ್ಟಡ ಅಂದ್ಕೊಂಡು ರಿಪೇರಿ ಮಾಡಿಸ್ಕೊಳ್ಳಿ" ಅನ್ನುತ್ತಿದ್ದಿರಿ. ನಿನ್ನೆ ನೀವು "ಇದು ನಂದು" ಎಂದು ಕೂಗಿದ್ದನ್ನು ಇಡೀ ಆಫೀಸು ಕೇಳಿಸಿಕೊಂಡಿದೆ. ನಾಳೆಯೇ ಪ್ಲಂಬರನ್ನು ಕಳಿಸಿ. ಕೆಳಗಿಟ್ಟಿರುವ ಬಕೆಟ್ ಮಾತ್ರ ನಮ್ಮದು. ಅದನ್ನು ಆಸ್ತಿಪಟ್ಟಿಯಲ್ಲಿ ಬರೆದಿಡಲು ನಾನು ಯಾವ ನಿಯಮವನ್ನೂ ಓದಬೇಕಾಗಿ ಬರಲಿಲ್ಲ.

ಇತಿ,
ನಿಮ್ಮ ಕಟ್ಟಡವನ್ನು ನಿಮಗೇ ಮರಳಿಸಿದ
ಅಕೌಂಟೆಂಟ್