ಮುಚ್ಚಿದ ಬಾಗಿಲಿನ ಸದ್ದು

ನವೆಂಬರ್ ೯, ಶನಿವಾರ

ನಮ್ಮ ಸಿನಿಮಾದ ಎರಡನೇ ಭಾಗಕ್ಕೆ ಜನ ನಕ್ಕರು. ಕೊಲೆಗಾತಿ ಮಂಚದ ಮೇಲೆ ಬಟ್ಟೆ ಬಿಚ್ಚುತ್ತಿದ್ದರೆ ಹಿಂದಿನ ಸಾಲಿನವನೊಬ್ಬ, "ಬೇಗ ಮುಗಿಸಮ್ಮಾ, ಬಸ್ ಹೋಗುತ್ತೆ" ಎಂದು ಕೂಗಿದ.

ಮೂವತ್ತು ವರ್ಷದ ಹಿಂದೆ, ಮೊದಲ ಭಾಗದ ಇಂಥದೇ ದೃಶ್ಯದಲ್ಲಿ, ಪರದೆಯ ಮೇಲಿದ್ದದ್ದು ಮುಚ್ಚಿದ ಬಾಗಿಲು ಮಾತ್ರ. ಉಳಿದದ್ದೆಲ್ಲ ಸದ್ದು. ಅದನ್ನು ಮಾಡಿದವರು ನಾನು ಮತ್ತು ಇವರು. ಕತ್ತಲ ಸ್ಟುಡಿಯೋದಲ್ಲಿ ಇವರು ಕೈಗಡಿಯಾರ ಬಿಚ್ಚಿ ಮರದ ಮೇಜಿನ ಮೇಲಿಟ್ಟರು. ನಾನು ಮೈಕಿನ ಹತ್ತಿರ ರೇಷ್ಮೆಯ ತುಂಡೊಂದನ್ನು ಮೆಲ್ಲಗೆ ಜಾರಿಸಿದೆ. ಮುತ್ತಿನ ಸದ್ದಿಗೆ ನಮ್ಮ ನಮ್ಮ ಮುಂಗೈಯೇ ಗತಿ. "ಅದೇನು ಮುತ್ತೋ, ಬಿಸಿ ಕಾಫಿ ಹೀರ್ತಿದೀರೋ?" ಎಂದು ರೇಗಿಸಿದ್ದೆ. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ. ಸಿನಿಮಾ ತೆರೆಗೆ ಬಂದಾಗ ಆ ಬಾಗಿಲನ್ನೇ ನೋಡುತ್ತಾ ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು.

ಈ ಸಲ ನಿರ್ದೇಶಕರು ಬಾಗಿಲನ್ನೇ ತೆರೆದಿಟ್ಟು ಸಂಗೀತ ಸುರಿದಿದ್ದಾರೆ. ನಮ್ಮನ್ನು ಕರೆಯಲೇ ಇಲ್ಲ.

"ಬಾಗಿಲು ತೆಗೆದ್ಮೇಲೆ ಒಳಗೇನಿರುತ್ತೆ ಹೇಳು? ಎರಡು ಜನ, ಒಂದು ಮಂಚ," ಅಂದರು ಇವರು, ದಾರಿಯಲ್ಲಿ. ನನಗೆ ನಗು ಬರಲಿಲ್ಲ.

ಇನ್ನೂ ಬರೆಯುವುದಿತ್ತು. ಒಳಕೋಣೆಯ ದೀಪ ಆರಿತು. ಮೇಜಿನ ಮೇಲೆ ಕೈಗಡಿಯಾರ ಇಟ್ಟ ಸದ್ದು, ಅಂದಿನಷ್ಟೇ ಮೆಲ್ಲಗೆ. ಕಳ್ಳ ಮುದುಕ, ಬೇಕಂತಲೇ ಇಟ್ಟಿದ್ದು.

ಎದ್ದು ಬಾಗಿಲು ಹಾಕಬೇಕು.