ಟವೆಲ್ ಮುಟ್ಟಿದೆನೋ ಇಲ್ಲವೋ

ಶಿವನಿ ಸ್ಟೇಷನ್, ಭಾನುವಾರ

ಚಿಕ್ಕಮ್ಮಾ,

ಫೋನಿನಲ್ಲಿ ಹೇಳಿದರೆ ನೀನು ನಗುತ್ತ ಅರ್ಧ ಕೇಳಿಸಿಕೊಳ್ಳುವುದೇ ಇಲ್ಲ, ಅದಕ್ಕೇ ಈ ಕಾರ್ಡು. ಇವತ್ತು ಕಡೂರಿನಲ್ಲಿ ನಮ್ಮ ಕಾಲೇಜು ಹುಡುಗಿಯರ ಕಬಡ್ಡಿ ಫೈನಲ್. ಲೈಬ್ರರಿ ಕೆಲಸಕ್ಕೆ ಸೇರಿ ಎಂಟೇ ದಿನವಾದರೂ ನಾನೂ ಹೊರಟೆ. ಪ್ಲಾಟ್‌ಫಾರ್ಮಿನಲ್ಲಿ ಊರವರು ಹದಿನೈದು ಜನ, ಎಲ್ಲರದೂ ಒಂದೇ ಜಗಳ: ನಮ್ಮ ಡಿಫೆನ್ಸ್ ಯಾಕೆ ಸೋರುತ್ತಿದೆ?

“ನಿನ್ ಮೊಮ್ಮಗ್ಳು ಕಾಲಿಗೆ ಕೈ ಹಾಕೋದೇ ತಪ್ಪು ಕಣಕ್ಕಾ. ಸೊಂಟ ಹಿಡೀಬೇಕು,” ಎಂದರು ಟೀ ಅಂಗಡಿ ಮುನಿಯಪ್ಪ.

ಲೆಫ್ಟ್ ಕಾರ್ನರ್ ಆಡುವ ತ್ರಿವೇಣಿಯ ಅಜ್ಜಿ ಉಚ್ಚಂಗಮ್ಮನಿಗೆ ರೇಗಿಹೋಯಿತು. “ಪಾದ ಸಿಕ್ರೆ ಆನೇನೂ ಬೀಳ್ತದೆ ಕಣೋ! ಬಾರವ್ವಾ ಮೇಡಮ್ಮು, ನೀನೇ ರೈಡ್ ಮಾಡು, ತೋರಿಸ್ತೀನಿ.”

ನೆಲಕ್ಕೆ ಹಾಸಿದ ಮುನಿಯಪ್ಪನ ಟವೆಲ್ಲೇ ನಡುಗೆರೆ. ನಾನು ಸೀರೆ ಎತ್ತಿ ಕಟ್ಟಿ, ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ, ಅಜ್ಜಿಯ ಭುಜ ಮುಟ್ಟಿ ತಿರುಗಿದೆ, ಅಷ್ಟೇ. ಎಪ್ಪತ್ತು ದಾಟಿದ ಅಜ್ಜಿ ನನ್ನ ಎಡಗಾಲು ಹಿಡಿದು ಕೆಡವಿಯೇ ಬಿಟ್ಟರು! ಬಿದ್ದಲ್ಲಿಂದಲೇ ಟವೆಲ್ಲಿಗೆ ಕೈ ಚಾಚಿದೆ.

“ಮುಟ್ಟಿದ್ಲು!”

“ಮುಟ್ಟಿಲ್ಲ ಕಣ್ಲೇ!”

ಎಲ್ಲರೂ ಬಗ್ಗಿ ನನ್ನ ಬೆರಳ ತುದಿಯನ್ನೇ ನೋಡುತ್ತಿದ್ದಾಗ ರೈಲು ಬಂದು, ನಿಂತು, ಹೊರಟೂ ಹೋಯಿತು.

ಕಾಲು ಸ್ವಲ್ಪ ಊದಿದೆ, ಮೂಳೆಗೇನೂ ಆಗಿಲ್ಲ. ಅದೇ ಟವೆಲ್ಲನ್ನು ಒದ್ದೆ ಮಾಡಿ ಅಜ್ಜಿ ಸುತ್ತಿದ್ದಾರೆ. ಕಡೂರಿಗೆಂದು ಮುನಿಯಪ್ಪ ಕರೆಸಿದ ಗೂಡ್ಸ್ ಆಟೋ ಬಂತು, ಎಲ್ಲರೂ ಹತ್ತಿ ಕೂಗುತ್ತಿದ್ದಾರೆ, ಮುಗಿಸುತ್ತೇನೆ. ಗುರುತಿಲ್ಲದ ಊರು ಅಂತ ನಾನು ಹೊರಟಾಗ ಅತ್ತಿದ್ದೆಯಲ್ಲ, ಇನ್ನು ಅಳಬೇಡ. ನನ್ನ ಹೆಸರು ಗೊತ್ತಿಲ್ಲದವರಿಗೂ ಇಲ್ಲಿ ನನ್ನ ಎಡಗಾಲು ಗೊತ್ತು.

ಶ್ರೀವಾಣಿ