ಲೆಯೊನೋರ್ ರೈಲು ಹತ್ತಿದಳೇ?

ಜನವರಿ 11, 2005. ಮಂಗಳವಾರ, ಬೆಳಿಗ್ಗೆ

ಬಿಸಿನೀರು, ಜೇನು, ನಿಂಬೆ. ಮುಕ್ಕಳಿಸಿ ಉಗುಳಿದ್ದಾಯಿತು. ಕಾಫಿ ಇಲ್ಲ, ಡಾಕ್ಟರು ಬೇಡ ಅಂದಿದ್ದಾರೆ. ಸಿಲ್ವಿನೊ ನನ್ನೆದುರೇ ಕುಳಿತು ಎರಡು ಲೋಟ ಕುಡಿದ. ಗಂಡನನ್ನು ಬಯ್ಯೋಣವೆಂದರೆ ಬಾಯಿಲ್ಲ. ಸ್ಲೇಟಿನಲ್ಲಿ ‘ರಾಕ್ಷಸ’ ಎಂದು ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. “ಅಕ್ಷರ ಚೆನ್ನಾಗಿದೆ” ಎಂದ.

ಗಂಟಲಿನ ಗಂಟು ತೆಗೆದ ಮೇಲೆ ಮಾತು ನಿಷಿದ್ಧ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದಂತೆ. ಅದಕ್ಕೇ ಈ ಬರೆಯುವ ಚಟ ಹತ್ತಿದೆ. ಯಾರಿಗೂ ತೋರಿಸಲಿಕ್ಕಲ್ಲ. ಮೂವತ್ತು ವರ್ಷ ಚುಟ್ಟದ ಕಾರ್ಖಾನೆಯಲ್ಲಿ ಹಾಲ್ ತುಂಬ ಜನಕ್ಕೆ ಗಟ್ಟಿಯಾಗಿ ಓದಿ ಹೇಳಿದವಳು ನಾನು. ಬೆಳಿಗ್ಗೆ ಪೇಪರು, ಮಧ್ಯಾಹ್ನ ಕಾದಂಬರಿ. ಅವರ ಕೈ ಹೊಗೆಸೊಪ್ಪಿನ ಎಲೆ ಸುತ್ತುತ್ತಿರುತ್ತದೆ, ಕಿವಿ ನನ್ನ ಕಡೆ. ಈಗ ಈ ಹಾಳೆಯೇ ನನ್ನ ಹಾಲ್...

ಪಕ್ಕದ ಮನೆಯ ಮಿರ್ತಾ ಕೆಲಸಕ್ಕೆ ಹೋಗುವ ಮುಂಚೆ ಇಣುಕಿದಳು. ಅವಳೂ ಅಲ್ಲೇ ಚುಟ್ಟ ಕಟ್ಟುವವಳು.

“ನಮಗೆಲ್ಲ ಹುಚ್ಚು ಹಿಡಿಯೋದೊಂದು ಬಾಕಿ ಕಣೇ ಎನೆದಿನಾ. ಲೆಯೊನೋರ್ ಇನ್ನೂ ಪ್ಲಾಟ್‌ಫಾರಂ ಮೇಲೇ ನಿಂತಿದಾಳೆ, ಸೂಟ್‌ಕೇಸ್ ಹಿಡ್ಕೊಂಡು. ಕಾಲು ಊದಿಹೋಗಿರತ್ತೆ ಪಾಪ!”

ಡಿಸೆಂಬರಿನಲ್ಲಿ ಓದುತ್ತಿದ್ದ ಕಾದಂಬರಿ ಅದು. ಬೆಟ್ಟದ ಮೇಲೊಂದು ಹೋಟೆಲು, ಅದರ ಒಡೆಯನನ್ನು ಬಿಟ್ಟು ಹೊರಟ ಹೆಂಡತಿ ಲೆಯೊನೋರ್. ಸ್ಪೇನಿನಲ್ಲಿ ಬಸ್ಸು, ಬೀಚು ಎಲ್ಲಿ ನೋಡಿದರೂ ಜನರ ಕೈಯಲ್ಲಿ ಇದೇ ಪುಸ್ತಕವಂತೆ. ಮಿರ್ತಾಳ ಅತ್ತಿಗೆ ಅಲ್ಲಿಂದ ಈ ಕ್ಯೂಬಾಗೆ ತಂದುಕೊಟ್ಟಿದ್ದು. ಆ ವಾರ ನನಗೆ ಜ್ವರ. ಮರುದಿನದ ಭಾಗವನ್ನು ಹಿಂದಿನ ಸಂಜೆಯೇ ಓದಿಕೊಳ್ಳುವವಳು, ಅಂದು ತಯಾರಿಯಿಲ್ಲದೆ ಓದುವ ಪೀಠ ಹತ್ತಿದ್ದೆ. ರೈಲು ಬರುತ್ತಿದೆ. ಅವಳ ಮೇಲೆ ಮನಸ್ಸಿಟ್ಟಿರುವ ಮೈದುನ ಓಡಿ ಬರುತ್ತಾನೆ. “ಹೋಗುವ ಮೊದಲು ನನ್ನನ್ನು ಏನಾದರೂ ಒಂದು ಮಾತು ಕೇಳು” ಎನ್ನುತ್ತಾನೆ. ಲೆಯೊನೋರ್ ತಿರುಗಿ — ಅಲ್ಲಿಗೆ ನನ್ನ ದನಿ ಹೋಯಿತು. ಬಾಯಿ ತೆರೆದಿದೆ, ಬರುವುದು ಗಾಳಿ ಮಾತ್ರ. ಸಸ್ಪೆನ್ಸಿಗೆಂದು ನಿಲ್ಲಿಸಿದ್ದೇನೆ ಎಂದುಕೊಂಡು ಹಾಲ್ ಪೂರ್ತಿ ಉಸಿರು ಬಿಗಿಹಿಡಿದಿತ್ತು. ಕೊನೆಗೆ ಮುದುಕ ಎಲ್ಪಿದಿಯೊ ಕೂಗಿದ. “ಹತ್ತಿದ್ಳೋ ಇಲ್ವೋ ಹೇಳ್ಬಿಡು ತಾಯಿ, ಎಲೆ ಒಣಗ್ತಿದೆ!”

ಪುಸ್ತಕ ಕಾರ್ಖಾನೆಯ ಬೀರುವಿನಲ್ಲೇ ಉಳಿದಿದೆ. ಅವಳು ಹತ್ತಿದಳೋ ಇಲ್ಲವೋ ನನಗೂ ಗೊತ್ತಿಲ್ಲ.

ಜನವರಿ 14, ಶುಕ್ರವಾರ

ಊಟದ ಹೊತ್ತಿಗೆ ಸಿಲ್ವಿನೊ ಅಂದ: “ಮನೇಲಿ ಏನೂ ಬದಲಾಗಿಲ್ಲ ಬಿಡು. ದಿನಾ ನೀನು ದನಿಯೆಲ್ಲ ಕಾರ್ಖಾನೇಲೇ ಖರ್ಚು ಮಾಡ್ಕೊಂಡು ಬರ್ತಿದ್ದೆ. ನನಗೆ ಉಳೀತಿದ್ದಿದ್ದು ‘ಉಪ್ಪು ಕೊಡು’ ಅಷ್ಟೇ.”

ನಗುತ್ತಲೇ ಹೇಳಿದ. ಆದರೆ ತಟ್ಟೆ ನೋಡಿಕೊಂಡು ಹೇಳಿದ.

ರೈಲ್ವೆ ಎಂಜಿನ್ ರಿಪೇರಿ ಮಾಡಿ ರಿಟೈರ್ ಆದವನು. ಒಂದು ಕಾದಂಬರಿಯನ್ನೂ ಮುಟ್ಟಿದವನಲ್ಲ. ಯಾಕೆ ಎಂದರೆ, “ನಿಜವಾದ ಜನರ ಕಷ್ಟ ಕೇಳೋಕೇ ಪುರುಸೊತ್ತಿಲ್ಲ, ಸುಳ್ಳು ಜನರದ್ದು ಬೇರೆ!” ಮದುವೆಯಾದಾಗಿನಿಂದ ಇದೇ ಉತ್ತರ.

ಸ್ಲೇಟು ಕೈಗೆತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಉಪ್ಪು ಕೊಟ್ಟೆ.

ಜನವರಿ 19, ಬುಧವಾರ

ಸಾಂತಾ ಕ್ಲಾರಾ ಆಸ್ಪತ್ರೆ. ಡಾಕ್ಟರ್ ಬೆಲ್ಕಿಸ್ ಕನ್ನಡಿ ಇಟ್ಟು ನೋಡಿದರು. “ಆ ಅನ್ನಿ.” ಅಂದೆ. ಏನೂ ಇಲ್ಲ. ತೂತು ಬಿದ್ದ ಟೈರಿನಂತೆ ಸುಸ್... “ಇನ್ನೂ ಸ್ವಲ್ಪ ದಿನ ಮೌನವಾಗಿರಿ.” ಮತ್ತೆ ಮೊದಲಿನಂತೆ ಬರುತ್ತದಾ, ಎಂದು ಸ್ಲೇಟಿನಲ್ಲಿ ಕೇಳಿದೆ. ಅವರು ನನ್ನ ಕೈ ಅದುಮಿದರು. ಅರ್ಥವಾಯಿತು.

ವಾಪಸ್ಸು ಬರುವಾಗ ಜನರನ್ನು ಸಾಗಿಸುವ ಲಾರಿಯ ಹಿಂಬದಿಯಲ್ಲಿ ನಿಂತಿದ್ದೆ. ನನ್ನ ಊರು ಬಂತು. ‘ನಿಲ್ಲಿಸಿ’ ಎನ್ನಲು ದನಿಯಿಲ್ಲ. ಊರು ದಾಟಿತು. ಮುಂದಿನ ಊರಿನಿಂದ ನಡೆದುಕೊಂಡು ಬಂದೆ. ದಾರಿಯಲ್ಲಿ ಯಾರೂ ಇರಲಿಲ್ಲ, ಚೆನ್ನಾಗಿ ಅತ್ತೆ. ಅಳುವಿಗೂ ಶಬ್ದ ಬರಲಿಲ್ಲ.

ಜನವರಿ 24, ಸೋಮವಾರ

ಮ್ಯಾನೇಜರು ಮನೆಗೇ ಬಂದಿದ್ದರು. ತಾತ್ಕಾಲಿಕವಾಗಿ ಒಬ್ಬನನ್ನು ನೇಮಿಸಿದ್ದಾರೆ. ಯಾಸಿಯೆಲ್ ಅಂತ, ಊರಿನ ರೇಡಿಯೊದಲ್ಲಿ ಹವಾಮಾನ ಓದುತ್ತಿದ್ದವನು. ನನಗೆ ಬೇಕಿದ್ದರೆ ಅದೇ ಹಾಲ್‌ನಲ್ಲಿ ಕೂತು ಎಲೆಯ ನಡುನರ ಕೀಳುವ ಕೆಲಸ ಮಾಡಬಹುದು. ಬೇಡವೆಂದರೆ ರಜ.

“ಪೀಠದ ಮೇಲಿದ್ದವಳು ಕೆಳಗೆ ಕೂತು ಕಡ್ಡಿ ಕೀಳ್ತೀಯಾ? ಬೇಡ” ಎಂದ ಸಿಲ್ವಿನೊ.

ಹೋಗುತ್ತೇನೆ. ಮನೆಯಲ್ಲೇ ಕೂತರೆ ಗೋಡೆಯ ಹಲ್ಲಿಗೂ ಸ್ಲೇಟು ತೋರಿಸಬೇಕಾಗುತ್ತದೆ.

ಜನವರಿ 26, ಬುಧವಾರ

ಕೆಳಗಿನಿಂದ ನೋಡಿದರೆ ಪೀಠ ಬಹಳ ಎತ್ತರ. ಇಷ್ಟು ಎತ್ತರದಲ್ಲಿ ಕೂರುತ್ತಿದ್ದೆನೇ?

ಎಲ್ಪಿದಿಯೊ ಬರಮಾಡಿಕೊಂಡ: “ಎಲ್ರೂ ನೋಡ್ರಪ್ಪಾ, ಇಡೀ ಕ್ಯೂಬಾದಲ್ಲಿ ಮಾತಾಡದ ಹೆಂಗಸು ಅಂದ್ರೆ ಇವಳೊಬ್ಳೇ!”

ಹೊಸ ಹುಡುಗನ ದನಿ... ಸುಳ್ಳು ಯಾಕೆ, ಬೆಣ್ಣೆ. ಹೊಟ್ಟೆಕಿಚ್ಚಾಯಿತು. ಪೇಪರು ಮುಗಿಸಿ ಕಾದಂಬರಿ ತೆರೆದ. ಲೆಯೊನೋರ್ ಕಥೆಯಲ್ಲ. ಅದನ್ನು ಮುಂದುವರಿಸು ಎಂದು ಕೆಲವರು ಕೇಳಿದ್ದರಂತೆ. ಎಲ್ಪಿದಿಯೊ ಎದ್ದು ನಿಂತು, “ಮಯಾಮೀಲಿರೋ ನನ್ನ ನಾದಿನಿ ಫೋನಲ್ಲಿ ಕೊನೆ ಹೇಳಿದಾಳೆ. ಎನೆದಿನಾ ಅಲ್ದೆ ಬೇರೆ ಯಾರಾದ್ರೂ ಆ ಪುಸ್ತಕ ತೆರೆದ್ರೆ ಇಲ್ಲೇ ಕೂಗಿ ಹೇಳ್ಬಿಡ್ತೀನಿ” ಎಂದು ಹೆದರಿಸಿದನಂತೆ. ಕೊನೆ ಮೊದಲೇ ತಿಳಿಯುವುದೆಂದರೆ ಈ ಹಾಲ್‌ನಲ್ಲಿ ಸಾವಿಗೆ ಸಮ. ಸುಮ್ಮನಾದರು.

ಯಾಸಿಯೆಲ್ ತಂದಿರುವುದು ನಾನು ಹಿಂದೆ ಬೇಡವೆಂದು ತಳ್ಳಿಹಾಕಿದ ಪುಸ್ತಕ. ‘ಬಸ್‌ಸ್ಟ್ಯಾಂಡ್ ಸರಕು’ ಅಂದಿದ್ದೆ. ಹೊಳೆ ದಾಟಿಸುವ ದೋಣಿಯವನೊಬ್ಬ. ಸತ್ತಳೆಂದುಕೊಂಡಿದ್ದ ಹೆಂಡತಿ ಎಷ್ಟೋ ವರ್ಷಗಳ ಮೇಲೆ ಬೇರೆ ಹೆಸರಿನಲ್ಲಿ ಅವನದೇ ದೋಣಿ ಹತ್ತುತ್ತಾಳೆ. ಅವನು ಟಿಕೆಟ್ ಹರಿದು ಕೊಡುತ್ತಾನೆ. ಮುಖ ನೋಡುವುದಿಲ್ಲ.

ಅಲ್ಲಿಗೇ ಯಾಸಿಯೆಲ್ ಪುಸ್ತಕ ಮುಚ್ಚಿ ಇಳಿದುಹೋದ! ನಾಳೆಯಂತೆ!

ಜನವರಿ 28, ಶುಕ್ರವಾರ

ಎರಡು ದಿನದಿಂದ ನಿದ್ದೆ ಸರಿಯಿಲ್ಲ. ದೋಣಿಯವನು ಮುಖ ಎತ್ತಿ ನೋಡುತ್ತಾನಾ? ನಿನ್ನೆಯ ಭಾಗದಲ್ಲೂ ನೋಡಲಿಲ್ಲ.

ಇವತ್ತು ನೋಡಿದ. ಕೈಯಲ್ಲಿನ ಎಲೆ ಹರಿದುಹೋಯಿತು ನನಗೆ. ಕಣ್ಣಲ್ಲಿ ನೀರು. ಪಕ್ಕದಲ್ಲಿ ಮಿರ್ತಾ ಮೊಣಕೈಯಲ್ಲಿ ತಿವಿದಳು. “ಅಳ್ತೀಯೇನೇ? ನಮ್ಮನ್ನ ಇಷ್ಟು ವರ್ಷ ಅಳಿಸಿದ್ದೀಯಲ್ಲ, ಈಗ ಅನುಭವಿಸು.”

ಈಗ ಹೊಳೆಯುತ್ತಿದೆ. ಈ ಜನ್ಮದಲ್ಲಿ ನನಗೆ ಯಾರೂ ಕಥೆ ಓದಿ ಹೇಳಿರಲಿಲ್ಲ. ಅಮ್ಮನಿಗೆ ಅಕ್ಷರ ತಡವಾಗಿ ಬಂತು. ಆಮೇಲೆ ನಾನೇ ಓದುವವಳಾದೆ. ಎಪ್ಪತ್ತರ ದಶಕದ ಗೂಢಚಾರರ ಕಥೆ, ಎಂಬತ್ತರ ದಶಕದ ಕಣ್ಣೀರಿನ ತೋಟದ ಮನೆಗಳ ಕಥೆ, ಎಲ್ಲವನ್ನೂ ಓದಿದ್ದೇನೆ. ಅಂಥ ಒಂದು ಪುಸ್ತಕದ ನಾಯಕಿ ಎಲಿಯಾನಾ. ಆ ವರ್ಷ ಊರಿನಲ್ಲಿ ಹುಟ್ಟಿದ ಹೆಣ್ಣುಕೂಸಿಗೆಲ್ಲ ಅದೇ ಹೆಸರು, ಮಿರ್ತಾಳ ಮಗಳಿಗೂ. ಆಗ ಒಳಗೊಳಗೇ ನಕ್ಕಿದ್ದೆ. ಮುಂದಿನದು ಗೊತ್ತಿದ್ದವಳು ನಾನು, ಯಾವಾಗಲೂ ಒಂದು ಸಂಜೆ ಮುಂದೆ. ಮುಂದೇನು ಎಂದು ಗೊತ್ತಿಲ್ಲದೆ ಕೂರುವ ಸುಖ ಇವರಿಗಿತ್ತು, ನನಗಿರಲಿಲ್ಲ.

ಇವರು ಕೇಳುವ ಬಗೆಯನ್ನೂ ಈಗಷ್ಟೇ ನೋಡುತ್ತಿದ್ದೇನೆ. ಮೇಲಿನಿಂದ ಬರೀ ನೆತ್ತಿಗಳು ಕಾಣುತ್ತಿದ್ದವು. ಸರಸದ ಮಾತು ಬಂದಾಗ ಎಲ್ಪಿದಿಯೊ ಕಣ್ಣು ಮುಚ್ಚುತ್ತಾನೆ, ಕೈ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಮಿರ್ತಾ ತುಟಿಯಲ್ಲೇ ಜವಾಬು ಕೊಡುತ್ತಿರುತ್ತಾಳೆ. ಇಷ್ಟವಾದರೆ ಎಲೆ ಕತ್ತರಿಸುವ ಬ್ಲೇಡಿನಿಂದ ಹಲಗೆ ಕುಟ್ಟುತ್ತಾರೆ. ಅದೇ ಇಲ್ಲಿಯ ಚಪ್ಪಾಳೆ. ಮೇಲೆ ಅದು ಮಳೆಯಂತೆ ಕೇಳುತ್ತಿತ್ತು. ಕೆಳಗೆ ಮೂಳೆಯೊಳಗೇ ಕುಟ್ಟಿದಂತೆ.

ಇದು ಸಿಕ್ಕಿತಲ್ಲ ನನಗೆ. ದನಿ ಹೋಗಿಯಾದರೂ.

ಫೆಬ್ರವರಿ 3, ಗುರುವಾರ

ಊಟದ ಹೊತ್ತು. ಅಂಗಳದ ಬೆಂಚು. ಎಲ್ಪಿದಿಯೊ ಬೇಯಿಸಿದ ಮರಗೆಣಸಿನ ಡಬ್ಬಿ ಹಿಡಿದು ಬಂದು ಪಕ್ಕದಲ್ಲಿ ಕೂತ. ತಮಾಷೆ ಮಾಡಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ನೀನು ತಿರುಗಿ ಮಾತಾಡಲ್ಲ, ಅದಕ್ಕೇ ಈಗ ಹೇಳ್ತೀನಿ. ತೊಂಬತ್ನಾಲ್ಕರ ಆಗಸ್ಟು ನೆನಪಿದ್ಯಾ? ಕರೆಂಟಿಲ್ಲ, ಸೋಪಿಲ್ಲ, ತಿನ್ನೋಕೂ ಇಲ್ಲ, ಬೀದೀಲಿ ಒಂದು ಬೆಕ್ಕೂ ಉಳಿದಿರ್ಲಿಲ್ಲ. ಹೊಸ ಪುಸ್ತಕಕ್ಕೆ ಕಾಗದ ಎಲ್ಲಿ? ನೀನು ಕಿಟಕಿ ಹತ್ರ ನಿಂತು ಆ ದಪ್ಪ ಹಳೇ ಕಾದಂಬರಿ ಓದ್ತಿದ್ದೆ, ಬಾವಿಗೆ ಬಿದ್ದವನದ್ದು. ಆಗ ನನ್ನ ತಮ್ಮ ಗೆಳೆಯರ ಜೊತೆ ತೆಪ್ಪ ಕಟ್ಟಿದ್ದ. ಲಾರಿ ಟ್ಯೂಬು, ಮನೆ ಬಾಗಿಲು. ಗುರುವಾರ ರಾತ್ರಿ ಸಮುದ್ರ ದಾಟಿ ಮಯಾಮಿಗೆ ಹೊರಡೋದು ಅಂತ. ನನಗೂ ಜಾಗ ಇತ್ತು. ಆ ಗುರುವಾರ ನೀನು ಅವನನ್ನ ಬಾವೀಲೇ ಬಿಟ್ಟು ಪುಸ್ತಕ ಮುಚ್ಚಿದೆ. ತಮ್ಮಂಗೆ ಹೇಳ್ದೆ, ‘ಒಂದು ದಿನ ತಡೀರೋ, ಅವ್ನು ಮೇಲೆ ಬರ್ತಾನಾ ಕೇಳ್ಕೊಂಡು ಬರ್ತೀನಿ.’ ಬಿದ್ದು ಬಿದ್ದು ನಕ್ರು. ಹೊರಟೋದ್ರು.”

ಮರಗೆಣಸು ಮುರಿದ. ತಿನ್ನಲಿಲ್ಲ.

“ಒಬ್ರೂ ದಡ ಮುಟ್ಲಿಲ್ಲ.”

ಮುರಿದ ತುಂಡನ್ನು ಡಬ್ಬಿಗೇ ಹಾಕಿದ.

“ಪುಸ್ತಕ ನನ್ನ ಪ್ರಾಣ ಉಳಿಸ್ತು ಅಂತಲ್ಲ, ಅದೆಲ್ಲ ಕಾದಂಬರೀಲಿ. ನನಗೆ ನೀರು ಅಂದ್ರೆ ಭಯ. ತಮ್ಮನ ಮುಂದೆ ಭಯ ಅಂತ ಹೇಗೆ ಹೇಳ್ಲಿ? ಕತೆ ಅಂದೆ. ಆ ನೆಪ ಕೊಟ್ಟೋಳು ನೀನು. ಥ್ಯಾಂಕ್ಸ್ ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಆದ್ರೆ ತಮ್ಮ ಹೋಗಿದಾನೆ... ಥ್ಯಾಂಕ್ಸ್ ಅನ್ನೋ ಮಾತು ಬಾಯಿಗೆ ಬರಲ್ಲ. ಇವತ್ತು ಬಂತು. ಹೇಳ್ದೆ.”

ಸ್ಲೇಟು ಮಡಿಲಲ್ಲೇ ಇತ್ತು. ಮುಟ್ಟಲಿಲ್ಲ. ಅವನ ಡಬ್ಬಿಯಿಂದ ಒಂದು ತುಂಡು ತೆಗೆದು ತಿಂದೆ. ಅವನೂ ತಿಂದ.

ಎದ್ದು ಹೋಗುವಾಗ ಹಳೆಯ ಎಲ್ಪಿದಿಯೊ ಆಗಿಬಿಟ್ಟ: “ಮತ್ತೆ ಆ ಹೋಟೆಲ್ ಕತೆ ಕೊನೆ, ನನಗೇನೂ ಗೊತ್ತಿಲ್ಲ. ಮಯಾಮೀಲಿ ನನಗ್ಯಾವ ನಾದಿನಿ? ಯಾರ್ಗೂ ಹೇಳ್ಬೇಡ. ಹೆಂಗೂ ಹೇಳೋಕಾಗಲ್ಲ ನಿಂಗೆ!”

ಫೆಬ್ರವರಿ 10, ಗುರುವಾರ, ಸಂಜೆ

ದನಿ ಬಂತು.

ಬಂತು ಅಂದರೆ... ಏನೋ ಒಂದು ಬಂತು. ಡಾಕ್ಟರ್ ಬೆಲ್ಕಿಸ್ “ಆ” ಅನ್ನಿಸಿದರು. ಎಣ್ಣೆ ಕಾಣದ ಗಾಡಿಚಕ್ರ. ಯಾರದಿದು ಎಂದು ಹಿಂದೆ ತಿರುಗಿ ನೋಡಿದೆ. “ಇಷ್ಟೇ ಬರೋದು. ಹಳೇ ಎತ್ತರದ ದನಿ ಬರಲ್ಲ. ಸ್ವಲ್ಪ ಸ್ವಲ್ಪವೇ ಮಾತಾಡಿ. ಪೂರ್ತಿ ಹೋಗಲಿಲ್ಲವಲ್ಲ, ಸಂತೋಷಪಡಿ.”

ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಊರು ಬಂದಾಗ ಲಾರಿಯ ತಗಡು ಬಡಿದೆ. ಮೊದಲ ಮಾತು ಲಾರಿಯವನಿಗೆ ಸಲ್ಲಬಾರದು.

ಸಿಲ್ವಿನೊ ಹಿತ್ತಲಲ್ಲಿ ಸೈಕಲ್ ಚೈನು ಬಿಚ್ಚಿಕೊಂಡು ಕೂತಿದ್ದ. ಬೆನ್ನ ಹಿಂದೆ ನಿಂತು ಕರೆದೆ. “ಸಿಲ್ವಿನೊ.”

ಚೈನು ಬಿತ್ತು. ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

“ಇನ್ನೊಂದ್ಸಲ ಹೇಳು.”

ಹೇಳಿದೆ.

“ಹಡಗಿನ ಹಮಾಲನ ದನಿ ಕಣೇ. ಪರವಾಗಿಲ್ಲ. ಇದು ನಂಗೆ.”

ಫೆಬ್ರವರಿ 27, ಭಾನುವಾರ

ಬರೆಯಲಿಲ್ಲ ಇಷ್ಟು ದಿನ. ಮಾತಾಡುತ್ತಿದ್ದೆವು. ಸಿಲ್ವಿನೊ ಕೇಳುತ್ತಾನೆ, ನಾನು ಹೇಳುತ್ತೇನೆ. ದಿನದ ಪಾಲಿನ ದನಿ ಮುಗಿದ ಮೇಲೆ ಅವನು ಹೇಳುತ್ತಾನೆ.

ಮುಂದಿನ ಶುಕ್ರವಾರ ಆಯ್ಕೆ. ಓದುವವರನ್ನು ಆರಿಸುವುದು ಕೆಲಸಗಾರರೇ, ಕೈ ಎತ್ತಿ. ಯಾಸಿಯೆಲ್ ಅಥವಾ ನಾನು. ನಾನು ಓದಬೇಕಾದ ಲೆಯೊನೋರ್‌ಗೆ ಇಪ್ಪತ್ತೆರಡು ವರ್ಷ. ಕನ್ನಡಿಯೆದುರು ಅವಳ ಮಾತು ಆಡಿನೋಡಿದೆ. ಕಳ್ಳ ಮಾಲು ಇಳಿಸುವವನಂತೆ ಕೇಳಿತು.

ಸಂಜೆ ಯಾಸಿಯೆಲ್ ಬಂದ. ಕೈಯಲ್ಲಿ ಸೀಬೆಹಣ್ಣಿನ ಹಲ್ವ, ಚೀಸು.

“ಅಕ್ಕಾ, ಮುಚ್ಚುಮರೆ ಇಲ್ಲ. ಈ ಕೆಲಸ ನನಗೆ ಬೇಕು. ಹವಾಮಾನ ಓದಿ ಓದಿ ಸಾಕಾಗಿದೆ. ಆದ್ರೆ ನಿಮ್ಮಿಂದ ಕಿತ್ಕೊಂಡೆ ಅನ್ನಿಸ್ಕೊಳ್ಳೋದು ಬೇಡ.”

“ಕಿತ್ಕೋ. ಸಿಕ್ಕಿದ್ರೆ” ಎಂದೆ. ಇಬ್ಬರೂ ನಕ್ಕೆವು.

“ಒಂದು ಕೇಳ್ಲಾ? ಜಗಳದ ಭಾಗಕ್ಕೆ ಬ್ಲೇಡು ಕುಟ್ತಾರೆ. ಪ್ರೀತಿ ಭಾಗಕ್ಕೆ ಕುಟ್ಟಲ್ಲ. ಎಲ್ಲಿ ತಪ್ತಿದೀನಿ?”

“ಮನೇಲಿ ಓದ್ಕೊಂಡು ಬರ್ತೀಯಾ?”

“ಮೂರು ಸಲ.”

“ಓದ್ಬೇಡ. ಅವರ ಜೊತೇಲೇ ಓದು. ನಿಂಗೂ ಗೊತ್ತಿಲ್ಲ ಅಂತ ಅವ್ರಿಗೆ ಗೊತ್ತಾಗ್ಲಿ.”

ಎದುರಾಳಿಗೆ ಹೇಳಿಕೊಟ್ಟೆಯಲ್ಲ, ಎಂದು ಸಿಲ್ವಿನೊ ತಲೆ ಚಚ್ಚಿಕೊಂಡ. ದೋಣಿಯವನ ಕಥೆ ನನಗೆ ಓದಿ ಹೇಳಿದವನು ಆ ಹುಡುಗ. ಬರಿಗೈಯಲ್ಲಿ ಹೇಗೆ ಕಳಿಸಲಿ?

ಮಾರ್ಚ್ 4, ಶುಕ್ರವಾರ

ಬೀರುವಿನಿಂದ ಪುಸ್ತಕ ತೆಗೆದುಕೊಟ್ಟರು. ಪೀಠ ಹತ್ತಿದೆ. ಮುಂದಿನ ಸಾಲು ನೋಡಲೇ ಇಲ್ಲ. ‘ಲೆಯೊನೋರ್ ತಿರುಗಿ’ — ಅಲ್ಲಿಂದಲೇ.

ನನ್ನ ದನಿ ಕೇಳಿ ಹಾಲ್ ಬೆಚ್ಚಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಪಿದಿಯೊ: “ಪ್ಲಾಟ್‌ಫಾರಮ್ಮಲ್ಲಿ ಅಷ್ಟು ದಿನ ನಿಂತಿದ್ರೆ ಶೀತ ಆಗಲ್ವೇನ್ರೋ? ಓದು ತಾಯಿ!” ನಗೆ. ಆಮೇಲೆ ನಗಲಿಲ್ಲ. ಲೆಯೊನೋರ್ ಮೈದುನನ ಮುಖ ನೋಡುತ್ತಾಳೆ. ಜೀವನದ ಒಂದೇ ಪ್ರಶ್ನೆ ಕೇಳಬೇಕು. ರೈಲು ನಿಂತಿದೆ. ಅವಳು ಕೇಳುವುದೇನು ಗೊತ್ತಾ — “ಈ ರೈಲು ಮತ್ತೆ ವಾಪಸ್ ಬರುವುದು ಯಾವಾಗ?”

“ಅಯ್ಯೋ ದಡ್ಡಿ!” ಎಂದುಬಿಟ್ಟೆ.

ಎಲೆ ಸುತ್ತುವ ಕೈಗಳು ನಿಂತವು. ಮಿರ್ತಾ ಕೂಗಿದಳು. “ಅದು ಪುಸ್ತಕದಲ್ಲಿದ್ಯೇನೇ?”

“ಇಲ್ಲ. ನಂದು.”

ಬ್ಲೇಡುಗಳು... ಏನು ಬರೆಯಲಿ. ಕಿಟಕಿಯ ಗಾಜು ಅದುರಿತು.

ಹತ್ತಿದಳು. ಅತ್ತುಕೊಂಡೇ ಹತ್ತಿದಳು. ಅಧ್ಯಾಯ ಮುಗಿಯುವ ಮೊದಲೇ ನನ್ನ ದನಿ ಸವೆಯಿತು. ಯಾಸಿಯೆಲ್ ಮೆಟ್ಟಿಲು ಹತ್ತಿ ಬಂದ. ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನೂ ಕಾಣದ ಪುಟ. ಅವನ ದನಿ ಮೊದಲ ಸಲ ನಡುಗಿತು. ಆಗ ಕುಟ್ಟಿದರು ಅವನಿಗೂ.

ಮ್ಯಾನೇಜರು “ಯಾರಿಗೆ ಕೈ ಎತ್ತುತ್ತೀರಿ?” ಎಂದರೆ ಎಲ್ಪಿದಿಯೊ ಎದ್ದ. “ಪೇಪರು, ಮೊದಲ್ನೇ ಕಾದಂಬರಿ ಹುಡುಗನದ್ದು. ಕಡೇ ಗಂಟೆ ಎನೆದಿನಾಳದ್ದು, ಗಂಟಲು ಇರೋಷ್ಟು. ಉಳಿದ ಹೊತ್ತು ಕೆಳಗೆ ಕೂತು ನಮ್ಮ ಜೊತೆ ಕಡ್ಡಿ ಕೀಳ್ಲಿ.” ಎಲ್ಲ ಕೈಗಳೂ ಎದ್ದವು. ನನ್ನದೂ.

ಓದುವುದೂ ನನಗೇ, ಕೇಳುವುದೂ ನನಗೇ. ಇಷ್ಟು ಕೊಡುತ್ತಾರೆಂದು ಗೊತ್ತಿದ್ದರೆ ಹೆದರುತ್ತಿರಲಿಲ್ಲ...

ಮಾರ್ಚ್ 6, ಭಾನುವಾರ, ಮಧ್ಯಾಹ್ನ

ಅನ್ನ, ಬೀನ್ಸ್ ಕಾಳು ಒಲೆಯ ಮೇಲಿದೆ. ಜೋಪಾನವಾಗಿರಲೆಂದು ಪುಸ್ತಕ ಮನೆಗೆ ತಂದಿದ್ದೆ. ಮುಟ್ಟುವುದಿಲ್ಲ ಎಂದು ಶಪಥ. ಮೇಜಿನ ಮೇಲೆ ನೋಡಿದರೆ ಇಲ್ಲ.

ಹಿತ್ತಲಲ್ಲಿದ್ದಾನೆ ಸಿಲ್ವಿನೊ. ಕನ್ನಡಕ ಮೂಗಿನ ತುದಿಯಲ್ಲಿ, ಬೆರಳು ಸಾಲಿನ ಕೆಳಗೆ. ಮಗ್ಗಿ ಹೇಳುವ ಮಗುವಿನಂತೆ ತುಟಿ ಆಡುತ್ತಿದೆ. ಬೆಳಿಗ್ಗೆಯಿಂದ ಅಲ್ಲೇ ಇದ್ದನಂತೆ, ಮಿರ್ತಾ ಹೇಳಿದಳು. ಡೊಮಿನೊ ಆಟಕ್ಕೆ ಕರೆಯಲು ಬಂದವರನ್ನು ಓಡಿಸಿದನಂತೆ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿ ಬಂದೆ. ಸದ್ದು ಮಾಡಲಿಲ್ಲ. ದೇವರೇ, ಈ ಮನುಷ್ಯ —

ಈಗ ಗಟ್ಟಿಯಾಗಿ ನಗುತ್ತಿದ್ದಾನೆ. ಕೂಗುತ್ತಿದ್ದಾನೆ. “ಎನೆದಿನಾ! ಬಾರೇ ಇಲ್ಲಿ! ಅವಳ ಗಂಡ ಇದಾನಲ್ಲ, ಅವನು ನಿಜಕ್ಕೂ —”

ಏಯ್, ಹೇಳಬೇಡ! ಹೇಳಬೇಡ, ಬಂದೆ, ನೀನು ಬಾಯಿ ಮು